ಎರಡು ಡಬ್ಬ ಹಿಟ್ಟು, ಒಂದು ಬುಲೆಟ್ಟು

ಮೊನ್ನೆ ಮೊಮ್ಮಗ ಅಭಿ ತನ್ನ ಕಾರಿನಲ್ಲಿ ನನ್ನನ್ನು ಜೈಪುರಕ್ಕೆ ಕರೆದುಕೊಂಡು ಹೊರಟಿದ್ದ. ಇಂದಿರಾಪುರಂನ ಮನೆಯಿಂದ ಇಳಿದು, ಇಡೀ ದಿಲ್ಲಿಯನ್ನು ಅಡ್ಡಲಾಗಿ ದಾಟಿ ಮಾನೇಸರ್ ತಲುಪುವಷ್ಟರಲ್ಲಿ ನನ್ನ ಮಂಡಿ ಹಿಡಿದುಕೊಂಡಿತ್ತು. ಚಹಾಕ್ಕೆಂದು ಒಂದು ಢಾಬಾದ ಮುಂದೆ ನಿಲ್ಲಿಸಿದ. ಅಂಗಳದಲ್ಲಿ ಮೋಟಾರ್ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಎರಡೂ ಬದಿಗೆ ಫಳಫಳ ಹೊಳೆಯುವ ಲೋಹದ ಪೆಟ್ಟಿಗೆ, ಹಿಂದೆ ಇನ್ನೊಂದು, ಅದರ ಮೇಲೆ ಹಗ್ಗದ ಬಲೆ. ಗಾಡಿಯ ಹುಡುಗರು ಬಾಹ್ಯಾಕಾಶಕ್ಕೆ ಹೊರಟವರ ಹಾಗೆ ಜಾಕೆಟ್ಟು, ಮೊಣಕಾಲಿನ ಕವಚ ಎಲ್ಲ ಹಾಕಿಕೊಂಡು ಪರಾಠ ತಿನ್ನುತ್ತಿದ್ದರು.

ನಾನು ನೆಟ್ಟಗೆ ಹೋಗಿ ಮೊದಲನೆಯ ಗಾಡಿಯ ಹಿಂದಿನ ಪೆಟ್ಟಿಗೆಯನ್ನು ಅಂಗೈಯಿಂದ ಒತ್ತಿ ನೋಡಿದೆ. ಅದು ಅಲುಗಿತು. “ಬೇಟಾ, ಹಿಂದೆ ಭಾರ ಜಾಸ್ತಿ ಆಯ್ತು. ತಿರುವಿನಲ್ಲಿ ಮುಂದಿನ ಚಕ್ರ ಹಗುರಾಗ್ತದೆ” ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಆ ಹುಡುಗ ಪರಾಠ ಕೆಳಗಿಟ್ಟು ನನ್ನನ್ನೂ ನನ್ನ ಕಾಟನ್ ಸೀರೆಯನ್ನೂ ನೋಡಿದ. ಅಭಿ ಓಡಿ ಬಂದ. “ಅಜ್ಜಿ, ಚಲೋ ನಾ! ಅವರ ಬೈಕ್ ಯಾಕೆ ಟಚ್ ಮಾಡ್ತೀರಿ? ನಿಮಗೇನು ಗೊತ್ತು ಬೈಕ್ ಬಗ್ಗೆ?”

ನನಗೇನು ಗೊತ್ತು! ಆ ಮಾತು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಜೈಪುರ ಬರುವವರೆಗೂ ಅವನಿಗೆ ಹೇಳಿದ ಕಥೆ ಇದು. ಅರ್ಧ ಅವನಿಗೆ ಅರ್ಥವಾಯಿತೋ ಇಲ್ಲವೋ, ಕನ್ನಡ ಕೇಳಿಸಿಕೊಳ್ಳುತ್ತಾನೆ, ಉತ್ತರ ಮಾತ್ರ ಹಿಂದಿ ಬೆರೆಸಿ ಕೊಡುತ್ತಾನೆ. ಅದಕ್ಕೇ ಬರೆದೂ ಇಡುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ನಾವು ಕರೋಲ್‌ಬಾಗಿನಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದೆವು. ನಮ್ಮ ಯಜಮಾನರು ತಮ್ಮ ಸೋದರಮಾವನ ಹೋಟೆಲಿನಲ್ಲಿ ಅಡುಗೆಗೆ ನಿಂತಿದ್ದರು. ಕುಂದಾಪುರದ ಕಡೆಯಿಂದ ಮೀಸೆ ಮೂಡುವ ಮೊದಲೇ ದಿಲ್ಲಿಗೆ ಬಂದವರು. ಮಾವ ಕೆಟ್ಟವರೇನಲ್ಲ. ಊಟ, ಬಟ್ಟೆ, ಹಬ್ಬಕ್ಕೆ ಊರಿಗೆ ಹೋಗಲು ಟಿಕೇಟು, ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಆದರೆ ಆ ಒಲೆ ಅವರದ್ದು. ಇವರು ಮಾಡಿದ ದೋಸೆಯನ್ನು ತಿಂದವರು ಗಲ್ಲಾದಲ್ಲಿ ಕೂತ ಮಾವನಿಗೆ “ಚೆನ್ನಾಗಿತ್ತು ಭಟ್ರೇ” ಎಂದು ಹೇಳಿ ಹೋಗುತ್ತಿದ್ದರು. ಅಡುಗೆಮನೆಯ ಹೊಗೆಯಲ್ಲಿ ನಿಂತವರ ಕಿವಿಗೆ ಆ ಮಾತು ಬೀಳುತ್ತಿರಲಿಲ್ಲ. ಇವರಿಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ, ನನಗೆ ಮೈ ಉರಿಯುತ್ತಿತ್ತು. ನಮ್ಮದೇ ಒಂದು ಒಲೆ ಬೇಕು ಎಂದು ನಾನು ದಿನಾ ಜಪ ಮಾಡುತ್ತಿದ್ದೆ.

ಹೋಟೆಲಿಗೆ ಭಾನುವಾರ ಭಾನುವಾರ ಬರುತ್ತಿದ್ದವರಲ್ಲಿ ಸುಬೇದಾರ್ ಪಾಟೀಲರು ಒಬ್ಬರು. ಧಾರವಾಡದ ಕಡೆಯವರು. ಜೈಪುರದಿಂದ ದಿಲ್ಲಿ ಕಂಟೋನ್ಮೆಂಟಿಗೆ ವರ್ಗವಾಗಿ ಬಂದಿದ್ದರು, ಮನೆಯವರು ಇನ್ನೂ ಜೈಪುರದಲ್ಲೇ ಇದ್ದರು. ಸೈನ್ಯದವರು ಹರಾಜಿಗೆ ಹಾಕಿದ ಹಳೆಯ ಬುಲೆಟ್ ಮೋಟಾರ್ ಸೈಕಲ್ಲನ್ನು ಇವರಿಗೆ ಕೊಡಿಸಿದ್ದೂ ಅವರೇ. ಮಾವನ ಹೋಟೆಲಿಗೆ ತರಕಾರಿ ತರಲು ಅದು ಉಪಯೋಗವಾಗುತ್ತಿತ್ತು. ಉಳಿದ ಹೊತ್ತು ಇವರು ಅದನ್ನು ಒರೆಸುತ್ತಾ ಕೂರುತ್ತಿದ್ದರು, ನನ್ನನ್ನು ಯಾವತ್ತೂ ಅಷ್ಟು ಹೊತ್ತು ನೋಡಿದವರಲ್ಲ.

ಮಾಘಮಾಸದಲ್ಲಿ ಪಾಟೀಲರ ಮಗಳ ಮದುವೆ ಜೈಪುರದಲ್ಲಿ ನಿಶ್ಚಯವಾಯಿತು. ಒಂದು ಭಾನುವಾರ ಅವರು ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು.

“ಭಟ್ರ, ಬೀಗರು ಎರಡು ದಿನಾ ರೈಲಿನ್ಯಾಗ ಪೂರಿ ಬಟಾಟಿ ತಿಂದು ಬರ್ತಾರ್ರೀ. ಇಳದ ದಿನಾ ಸಂಜೀಗೆ ಅವರ ಮುಂದ ನಮ್ಮ ಕಡೆ ಇಡ್ಲಿ ಸಾಂಬಾರ ಇಡಬೇಕು. ಮದುವಿ ಊಟಕ್ಕ ಅಲ್ಲಿ ಮಂದಿ ಅದಾರ. ಇಡ್ಲಿಗೆ ಮಾತ್ರ ಯಾರೂ ಇಲ್ಲ. ನೀವು ಬರಬೇಕು ನೋಡ್ರಿ.”

ಇವರು ತಲೆ ಕೆರೆದುಕೊಂಡರು. ಪಾಟೀಲರು ಸ್ವಲ್ಪ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. “ನಮ್ಮ ಕಂಟೋನ್ಮೆಂಟಿನ ಕ್ಯಾಂಟೀನ್ ನಡಸೂ ಮನಶ್ಯಾ ಈ ಬ್ಯಾಸಿಗಿಗೆ ಬಿಟ್ಟು ಹೊಂಟಾನ. ನಮ್ಮ ಸಾಹೇಬರೂ ಮದುವಿಗೆ ಬರಾಕತ್ತಾರ. ಅವರ ಬಾಯಿಗೆ ನಿಮ್ಮ ಇಡ್ಲಿ ಹಿಡಿಸಿತು ಅಂದ್ರ, ಆ ಕ್ಯಾಂಟೀನ್ ಮುಂದ ನಿಮ್ದ ಅಂತ ತಿಳಕೋರಿ.”

ಹೋಟೆಲಿನ ಹಿಂದೆ ಕೂತು ತೆಂಗಿನಕಾಯಿ ತುರಿಯುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ನಮ್ಮ ಒಲೆ! ಒಂದು ಸಂಜೆಯ ಇಡ್ಲಿಗೆ ಒಂದು ಕ್ಯಾಂಟೀನು. ಇವರು ಏನು ಹೇಳುತ್ತಿದ್ದರೋ, ನಾನು ಅಲ್ಲಿಂದಲೇ “ಬರ್ತೇವೆ ಸುಬೇದಾರ್ರೇ” ಎಂದು ಕೂಗಿದೆ.

ಬರುತ್ತೇವೆ ಎಂದದ್ದೇನೋ ಸರಿ. ಹೋಗುವುದು ಹೇಗೆ? ಜೈಪುರದಲ್ಲಿ ಅಕ್ಕಿ ಸಿಗುತ್ತದೆ, ಉದ್ದು ಸಿಗುತ್ತದೆ, ರುಬ್ಬುವ ಕಲ್ಲು ಸಿಗುವುದಿಲ್ಲ. ಅಲ್ಲಿಯವರದ್ದು ಚಟ್ನಿ ಅರೆಯುವ ಚಪ್ಪಟೆ ಕಲ್ಲು, ಅದರಲ್ಲಿ ಬೀಗರ ದಂಡಿಗೆ ಉದ್ದು ರುಬ್ಬಲು ಹೊರಟರೆ ಮದುವೆ ಮುಗಿದು ಸೀಮಂತ ಬರುತ್ತದೆ. ನಮ್ಮ ಕಲ್ಲನ್ನು ಹೊತ್ತು ಒಯ್ಯುವ ಮಾತೇ ಇಲ್ಲ. ಹಾಗಾಗಿ ಹಿಟ್ಟನ್ನೇ ಒಯ್ಯಬೇಕು. ಬಸ್ಸಿನವನು ಹಿಟ್ಟಿನ ಡಬ್ಬ ಎಂದ ಕೂಡಲೇ “ಛತ್ ಪರ್ ಡಾಲೋ” ಎಂದ. ಮಾಘದ ಚಳಿಯಲ್ಲಿ ಬಸ್ಸಿನ ತಲೆಯ ಮೇಲೆ ಕೂತ ಹಿಟ್ಟು ಉಬ್ಬುತ್ತದೆಯೇ? ಉರುಳುತ್ತದೆ. ರೈಲು ಮಂಜಿನ ದಿನಗಳಲ್ಲಿ ಯಾವಾಗ ಹೊರಡುತ್ತದೆ ಎಂದು ಸ್ಟೇಷನ್ನಿನವರಿಗೇ ಗೊತ್ತಿರಲಿಲ್ಲ.

“ಬುಲೆಟ್ಟಿನಲ್ಲಿ ಹೋಗುವ” ಎಂದೆ ನಾನು.

“ಹ್ವಾಯ್, ತಲೆ ಸಮ ಇದೆಯಾ?” ಎಂದರು ಇವರು. ‘ಹ್ವಾಯ್’ ಅಂದರೆ ನಾನೇ.

ನನ್ನ ತಲೆ ಸಮವಾಗಿಯೇ ಇತ್ತು. ನನ್ನ ಅಪ್ಪಯ್ಯ ಹೊಳೆ ಬದಿಯ ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಮಚ್ವೆ ದೋಣಿಗಳಿಗೆ ಹೆಂಚು ತುಂಬಿಸುವುದು ಅವರ ಉಸ್ತುವಾರಿ. ಚಿಕ್ಕಂದಿನಲ್ಲಿ ಅವರ ಹಿಂದೆ ಹೋಗಿ ದಡದಲ್ಲಿ ಕೂರುತ್ತಿದ್ದೆ. ಭಾರ ತಳಕ್ಕೆ, ಹಗುರ ಮೇಲಕ್ಕೆ, ಒಡೆಯುವುದು ನಡುವಿಗೆ. ಎಡಕ್ಕೆ ಒಂದು ಸಾಲು ಇಟ್ಟರೆ ಬಲಕ್ಕೂ ಒಂದು ಸಾಲು ಇಟ್ಟೇ ಮುಂದಿನ ಮಾತು. ಹಗ್ಗ ಅಲುಗಿದರೆ ಸಾಮಾನು ಅಲುಗುತ್ತದೆ, ಸಾಮಾನು ಅಲುಗಿದರೆ ದೋಣಿ ಮಗುಚುತ್ತದೆ. ಇದನ್ನೆಲ್ಲ ಯಾರೂ ನನಗೆ ಕೂರಿಸಿ ಕಲಿಸಲಿಲ್ಲ, ನೋಡಿ ನೋಡಿ ಬಂತು. ಮೋಟಾರ್ ಸೈಕಲ್ಲು ಎರಡು ಚಕ್ರದ ದೋಣಿ, ಅಷ್ಟೇ ತಾನೆ.

ಮೋತಿಯಾ ಖಾನಿನ ಗುಜರಿ ಬಜಾರಿಗೆ ಹೋಗಿ ಒಬ್ಬ ಸರ್ದಾರ್ಜಿಯ ವೆಲ್ಡಿಂಗ್ ಅಂಗಡಿಯಲ್ಲಿ ನಿಂತೆವು. ನಾನು ಇದ್ದಿಲಿನ ಚೂರು ತೆಗೆದುಕೊಂಡು ಅವನ ಅಂಗಡಿಯ ನೆಲದ ಮೇಲೆಯೇ ಚಿತ್ರ ಬರೆದೆ. ಸೀಟಿನ ಅಡಿಯಿಂದ ಎರಡೂ ಬದಿಗೆ ಕಬ್ಬಿಣದ ತೊಟ್ಟಿಲು, ಒಂದೊಂದರಲ್ಲಿ ಒಂದೊಂದು ತುಪ್ಪದ ಡಬ್ಬ ಕೂರಬೇಕು, ಡಬ್ಬದ ತಳ ಚಕ್ರದ ನಡುಮಟ್ಟಕ್ಕೆ ಬರಬೇಕು. ಸರ್ದಾರ್ಜಿ ಗಡ್ಡ ನೀವಿಕೊಂಡ. “ಬೀಬೀಜಿ, ಮೋಟರ್ ಸೈಕಲ್ ಹೈ, ಟ್ರಕ್ ನಹೀಂ.” ಇನ್ನೂ ಸ್ವಲ್ಪ ಮೇಲೆ ಕಟ್ಟೋಣ ಎಂದ. ನಾನು ಒಪ್ಪಲಿಲ್ಲ. ಭಾರ ಕೆಳಗಿರಬೇಕು, ಗಾಡಿಯ ಮೈಗೆ ತಾಗಿಕೊಂಡಿರಬೇಕು. ಅವನು ನಕ್ಕು ನಾನು ಹೇಳಿದ ಹಾಗೆಯೇ ಮಾಡಿಕೊಟ್ಟ.

ಆಮೇಲಿನ ದಿನಗಳು ನನ್ನ ಜೀವನದ ಅತ್ಯಂತ ಮಜದ ದಿನಗಳು. ಮಧ್ಯಾಹ್ನ ಹೋಟೆಲಿನ ಬಿಡುವಿನಲ್ಲಿ ಡಬ್ಬಗಳಿಗೆ ನೀರು ತುಂಬಿಸಿ, ರಿಡ್ಜ್ ರಸ್ತೆಯಲ್ಲಿ ಅಭ್ಯಾಸ. ಮೊದಲ ದಿನ ಅರ್ಧ ನೀರು ರಸ್ತೆಗೆ ಹೋಯಿತು, ಗಾಡಿ ಕುಡಿದವನ ಹಾಗೆ ಓಲಾಡಿತು. ಊರಿನಲ್ಲಿ ಹೆಂಗಸರು ತುಂಬಿದ ಕೊಡದ ನೀರು ತುಳುಕದಿರಲು ಮೇಲೆ ಎಲೆ ಹಾಕುವುದಿಲ್ಲವೇ, ಹಾಗೆ ಡಬ್ಬದ ಬಾಯಿಯಷ್ಟೇ ಅಗಲಕ್ಕೆ ಬಾಳೆಲೆ ಕತ್ತರಿಸಿ ನೀರಿನ ಮೇಲೆ ತೇಲಿಬಿಟ್ಟೆ. ತುಳುಕು ನಿಂತಿತು. ಬಾಯಿಗೆ ತೆಳು ಬಟ್ಟೆ, ಅದರ ಮೇಲೆ ಮುಚ್ಚಳ, ಸುತ್ತ ಗೋಣಿ, ಗೋಣಿಯ ಮೇಲೆ ಊರಿನಿಂದ ತಂದ ತೆಂಗಿನ ನಾರಿನ ಹಗ್ಗ, ಕೊನೆಗೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿ. ಹಗ್ಗ ಹಿಡಿಯುತ್ತದೆ, ರಬ್ಬರು ಎಳೆದುಕೊಂಡಿರುತ್ತದೆ. ಎರಡೂ ಇದ್ದರೆ ಹಳ್ಳಕ್ಕೆ ಬಿದ್ದರೂ ಸಾಮಾನು ಕದಲುವುದಿಲ್ಲ. ಧೌಲಾ ಕುವಾಂವರೆಗೆ ಹೋದೆವು, ಆಮೇಲೆ ಪಾಲಂ, ಆಮೇಲೆ ಗುಡ್‌ಗಾಂವ್. ಒಂದು ಹನಿ ಚೆಲ್ಲಲಿಲ್ಲ.

ಕರೋಲ್‌ಬಾಗಿನ ಗಲ್ಲಿಯವರಿಗೆ ಇದು ಪುಕ್ಕಟೆ ಸಿನಿಮಾ. ನಾವು ಹೊರಟ ಕೂಡಲೇ ಬಾಲ್ಕನಿಗಳು ತುಂಬುತ್ತಿದ್ದವು. ಮಾವನ ಕಿವಿಗೂ ಬಿತ್ತು.

“ವಾಸು, ಹೆಂಡತಿಯನ್ನು ಸಾಮಾನಿನ ನಡುವೆ ಇನ್ನೊಂದು ಸಾಮಾನು ಮಾಡಿ ಕೂರಿಸಿಕೊಂಡು ಜೈಪುರಕ್ಕೆ ಹೋಗ್ತೀಯಂತೆ? ಊರಿನಲ್ಲಿ ಕೇಳಿದವರು ಎಂತ ಹೇಳಿಯಾರು? ಅವಳನ್ನು ಇಳಿಸು. ಆ ಜಾಗದಲ್ಲಿ ಇನ್ನೊಂದು ಡಬ್ಬ ಕಟ್ಟು.”

ಇವರು ಎಂದಿನಂತೆ ನೆಲ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಹೇಳಿದೆ, “ಮಾವ, ದಾರಿಯಲ್ಲಿ ಕಟ್ಟು ಸಡಿಲ ಆದರೆ ಡಬ್ಬ ಇಳಿದು ಕಟ್ಟಿಕೊಳ್ತದಾ?”

ಮಾವ ಹೋಗುವುದಕ್ಕೆ ಅಡ್ಡ ಬರಲಿಲ್ಲ, ಆದರೆ “ಹಿಟ್ಟು ಹಾಳಾದರೆ ನನ್ನ ಹೋಟೆಲಿನ ಹೆಸರು ಎತ್ತಬೇಡಿ” ಎಂದು ಕಟ್ಟಪ್ಪಣೆ ಮಾಡಿದರು.

ಇನ್ನೊಂದು ತೊಡಕಿತ್ತು. ಎರಡೂ ಬದಿಗೆ ಡಬ್ಬಗಳಿದ್ದರೆ ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುವಂತಿಲ್ಲ. ರಿಡ್ಜ್ ರಸ್ತೆಯಲ್ಲಿ ಹೇಗೋ ನಿಭಾಯಿಸಿದ್ದೆ, ಜೈಪುರದವರೆಗೆ ಆಗದು. ಎದುರು ಮನೆಯ ಬೀಜಿ, ಎಪ್ಪತ್ತು ದಾಟಿದ ಪಂಜಾಬಿ ಮುದುಕಿ, ನನ್ನನ್ನು ಕರೆದು ಟ್ರಂಕಿನಿಂದ ತನ್ನ ಸೊಸೆಯ ಉಣ್ಣೆಯ ಸಲ್ವಾರ್ ಕಮೀಜು ತೆಗೆದುಕೊಟ್ಟಳು. “ಪುತ್ತರ್, ಸಾಡಿ ಪಹನ್‌ಕರ್ ಘೋಡೇ ಪರ್ ನಹೀಂ ಬೈಠತೇ.” ಸೀರೆಯುಟ್ಟು ಕುದುರೆ ಹತ್ತಬಾರದಂತೆ. ಹುಟ್ಟಿದ ಮೇಲೆ ಮೊದಲ ಸಲ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ನಾಚಿಕೆಯಾಗಲಿಲ್ಲ. ಎರಡು ಕಾಲೂ ನನ್ನವೇ ಎಂದು ಆವತ್ತು ಗೊತ್ತಾಯಿತು.

ಹೊರಡುವ ಹಿಂದಿನ ಮಧ್ಯಾಹ್ನ ಉದ್ದನ್ನು ನಾನೇ ರುಬ್ಬಿದೆ. ಕೈಯಲ್ಲಿ ತೆಗೆದರೆ ಬೆಣ್ಣೆಯ ಹಾಗೆ ನಿಲ್ಲುವವರೆಗೆ ರುಬ್ಬಿದೆ. ಅಕ್ಕಿ ತರಿ ಬೆರೆಸಿ, ಡಬ್ಬದ ಮೇಲ್ಭಾಗದಲ್ಲಿ ಉಬ್ಬಲು ಜಾಗ ಬಿಟ್ಟು ತುಂಬಿಸಿದೆ. ದಿಲ್ಲಿಯ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಸುಲಭಕ್ಕೆ ಏಳುವುದಿಲ್ಲ. ಊರಿನಲ್ಲಿ ಸಂಜೆ ರುಬ್ಬಿಟ್ಟರೆ ಬೆಳಿಗ್ಗೆ ಪಾತ್ರೆಯ ಬಾಯಿಗೆ ಬಂದಿರುತ್ತದೆ, ಇಲ್ಲಿ ರಜಾಯಿ ಹೊದಿಸಿ ಮಲಗಿಸಿದರೂ ಮಿಸುಕುವುದಿಲ್ಲ. ನಾವು ಹೊರಡುವ ಮುಂಜಾನೆ ಬಟ್ಟೆ ಸರಿಸಿ ನೋಡಿದರೆ ಹಿಟ್ಟು ರುಬ್ಬಿದಾಗ ಎಲ್ಲಿತ್ತೋ ಅಲ್ಲೇ ಇತ್ತು. ಇವರ ಮುಖ ಸಪ್ಪಗಾಯಿತು. “ಸಂಜೆಗೆ ಇನ್ನೂ ಹೊತ್ತು ಇದೆ” ಎಂದೆ. ಒಳಗೊಳಗೇ ನನಗೂ ದಿಗಿಲಿತ್ತು.

ಹೊರಟೆವು. ಬಲಕ್ಕೊಂದು ಡಬ್ಬ, ಎಡಕ್ಕೊಂದು ಡಬ್ಬ. ನನ್ನ ಬೆನ್ನ ಹಿಂದೆ ಇಡ್ಲಿ ಬೇಯಿಸುವ ದೊಡ್ಡ ಪಾತ್ರೆ, ಅದರೊಳಗೆ ತಟ್ಟೆಗಳು, ತಟ್ಟೆಗಳ ನಡುವೆ ಸದ್ದಾಗದ ಹಾಗೆ ನನ್ನ ಮದುವೆಯ ಸೀರೆ. ಪೆಟ್ರೋಲ್ ಟ್ಯಾಂಕಿನ ಮೇಲೆ ತೆಂಗಿನಕಾಯಿಯ ಚೀಲ, ಅದಕ್ಕೆ ಸಾಂಬಾರು ಪುಡಿಯ ಗಂಟು ಜೋಡಿ. ಇವರಿಗೆ ಮಂಕಿ ಟೋಪಿ, ನನಗೆ ಶಾಲು. ಬೀಜಿ ಬಾಗಿಲಲ್ಲಿ ನಿಂತು ನನ್ನ ಬಾಯಿಗೆ ಒಂದು ಚಮಚ ಮೊಸರು ಸಕ್ಕರೆ ಹಾಕಿ, ಇವರ ಬೆನ್ನಿಗೆ ಒಂದು ಗುದ್ದು ಕೊಟ್ಟು ಕಳಿಸಿದಳು.

ಪಾಲಂ ಹತ್ತಿರ ಮಂಜು ಹೇಗಿತ್ತೆಂದರೆ ಮುಂದಿನ ಚಕ್ರ ಕಾಣುತ್ತಿರಲಿಲ್ಲ. ಒಂದು ಟ್ರಕ್ಕಿನ ಕೆಂಪು ದೀಪ ಹಿಡಿದು ಅದರ ಹಿಂದೆಯೇ ಹೋದೆವು. ಗುಡ್‌ಗಾಂವ್ ಆಗ ಒಂದು ಬಸ್ ಸ್ಟ್ಯಾಂಡು, ಒಂದು ಧಾನ್ಯದ ಮಂಡಿ. ಈಗ ಕಾರ್ಖಾನೆಗಳಿಂದ ಕಿಕ್ಕಿರಿದ ಮಾನೇಸರ್ ಆಗ ದಿನ್ನೆಯ ಬದಿಗಿದ್ದ ಹಳ್ಳಿ. ಅಲ್ಲಿಗೆ ಬರುವಾಗ ಮಂಜು ಸೀಳಿ ಬಿಸಿಲು ಬಂತು, ಎರಡೂ ಕಡೆ ಸಾಸಿವೆ ಹೊಲಗಳು ಹಳದಿ ಹೊತ್ತಿಕೊಂಡವು. ಒಂಟೆ ಗಾಡಿಯವರು ನಮ್ಮನ್ನು ನೋಡಿ ಗಾಡಿ ನಿಲ್ಲಿಸಿದರು. ನಾನು ಶಾಲು ಸರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ನೋಡಲಿ. ದಿಲ್ಲಿಯಿಂದ ಜೈಪುರಕ್ಕೆ ಒಂದು ಮದುವೆಯ ತಿಂಡಿ ಹೊತ್ತು ಹೋಗುತ್ತಿರುವವಳು ನಾನು!

ಧಾರೂಹೇಡಾ ದಾಟಿ ಬಹಳ ಹೊತ್ತಾಗಿತ್ತು. ಬೆಹ್ರೋಡ್ ಇನ್ನೇನು ಬಂತು ಎನ್ನುವಾಗ ಇವರು ಕುತ್ತಿಗೆ ತಿರುಗಿಸಿ ಕೂಗಿದರು.

“ಹ್ವಾಯ್! ನಿಂಗೆ ದೋಸೆ ವಾಸನೆ ಬತ್ತಾ ಇತ್ತಾ?”

“ಹಸಿವಾದರೆ ಹೇಳಿ ಮಾರಾಯ್ರೆ, ಬುತ್ತಿ ಇದೆ” ಎಂದೆ. ಅಷ್ಟರಲ್ಲಿ ನನ್ನ ಮೂಗಿಗೂ ಬಂತು. ಕಾದ ಕಾವಲಿಯ ಮೇಲೆ ದೋಸೆ ಅಂಚು ಬಿಡುವಾಗಿನ ಅದೇ ವಾಸನೆ. ಹರಿಯಾಣ ಮುಗಿದು ರಾಜಸ್ಥಾನ ಶುರುವಾದ ಬಯಲಿನಲ್ಲಿ ಯಾರಪ್ಪಾ ದೋಸೆ ಹಾಕುತ್ತಿರುವವರು?

ಹಾಕುತ್ತಿದ್ದವರು ನಾವೇ. ಒಂದು ಢಾಬಾದ ಮುಂದೆ ನಿಲ್ಲಿಸಿ ಇಳಿದು ನೋಡಿದರೆ ಬಲಗಡೆಯ ಡಬ್ಬದ ಮುಚ್ಚಳ ವಾರೆಯಾಗಿ ಎದ್ದಿತ್ತು. ಬಟ್ಟೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಹಿಟ್ಟು ಗೋಣಿಯನ್ನು ನೆನೆಸಿ ಸೈಲೆನ್ಸರಿನ ಮೇಲೆ ಸೋರಿ, ಅಲ್ಲಿ ಉದ್ದಕ್ಕೆ ಕೆಂಪಗೆ ಗರಿಗರಿಯಾಗಿ ಬೆಂದಿತ್ತು. ಎಡಗಡೆಯ ಡಬ್ಬದ ಬಟ್ಟೆ ಸರಿಸಿದೆ. ಹಿಟ್ಟು ತಣ್ಣಗೆ, ಒಂದು ಬೆರಳೂ ಏರದೆ ಮಲಗಿತ್ತು.

ನಮ್ಮ ಬುಲೆಟ್ಟಿಗೆ ಸೈಲೆನ್ಸರ್ ಇದ್ದದ್ದು ಬಲಗಡೆ. ಭಾರ ಕೆಳಗಿರಲಿ, ಗಾಡಿಗೆ ತಾಗಿರಲಿ ಎಂದು ಹಟ ಹಿಡಿದು ನಾನು ಡಬ್ಬವನ್ನು ಅದರ ಪಕ್ಕಕ್ಕೇ ತಂದು ಕೂರಿಸಿದ್ದೆ. ಮಚ್ವೆಗೆ ಸೈಲೆನ್ಸರ್ ಇರುವುದಿಲ್ಲವಲ್ಲ! ಅಷ್ಟು ದಿನ ಅಭ್ಯಾಸ ಮಾಡಿದ್ದೂ ನೀರು ತುಂಬಿಸಿಕೊಂಡು. ನೀರು ಎಷ್ಟು ಬೆಚ್ಚಗಾದರೂ ಹುಳಿ ಬಂದು ಏಳುವುದಿಲ್ಲ. ಹಿಟ್ಟಿನ ಮನೆಯವರಾಗಿ ಹಿಟ್ಟನ್ನೇ ಮರೆತಿದ್ದೆವು.

ಇವರು ಅಲ್ಲೇ ಚಾರ್‌ಪಾಯಿ ಮಂಚದ ಮೇಲೆ ಕೂತರು. “ಮುಗೀತು. ಸಂಜೆ ಅಷ್ಟೊತ್ತಿಗೆ ಇದು ಹುಳಿಯಾಗಿ ಬಾಯಿಗೆ ಇಡ್ಲಿಕ್ಕೆ ಆಗೂದಿಲ್ಲ. ಅದು ಕಲ್ಲಾಗ್ತದೆ. ಒಂದರಲ್ಲಿ ಹುಳಿ ಇಡ್ಲಿ, ಇನ್ನೊಂದರಲ್ಲಿ ಗುಂಡುಕಲ್ಲು.”

“ಎರಡನ್ನೂ ಇಳಿಸಿ” ಎಂದೆ.

“ಎಂತಕ್ಕೆ? ಕಟ್ಟು ಬಿಚ್ಚಿದರೆ ಮತ್ತೆ ಕಟ್ಟುವುದು ಯಾರು? ಮನೆಯಲ್ಲಿ ಕಟ್ಟಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು, ಮರೆತೆಯಾ? ಇದ್ದ ಹಾಗೆ ಹೋಗುವ. ಆದಷ್ಟು ಆಗಲಿ.”

ಈ ‘ಆದಷ್ಟು ಆಗಲಿ’ ಎನ್ನುವ ಮಾತೇ ನಮ್ಮನ್ನು ಅಷ್ಟು ವರ್ಷ ಮಾವನ ಒಲೆಯ ಮುಂದೆ ನಿಲ್ಲಿಸಿದ್ದು. ನನಗೆ ಸಿಟ್ಟು ನೆತ್ತಿಗೇರಿತು. ಹಗ್ಗಕ್ಕೆ ಕೈ ಹಾಕಿದೆ. ಇವರು ನೋಡುತ್ತಿದ್ದ ಹಾಗೆ ಒಂದೊಂದೇ ಗಂಟು ಬಿಚ್ಚಿದೆ. ಹಿಂದಿನ ಇಡ್ಲಿ ಪಾತ್ರೆ ಇಳಿಸಿ, ತಟ್ಟೆಗಳನ್ನೂ ಸೀರೆಯನ್ನೂ ಹೊರತೆಗೆದು ಅದನ್ನು ಬಿಸಿನೀರಿನಲ್ಲಿ ತೊಳೆದೆ. ಬಿಸಿನೀರು ಕೊಟ್ಟ ಢಾಬಾದ ಚೌಧರಿ ತನ್ನ ಹುಕ್ಕಾ ಬಿಟ್ಟು ಬಂದು ನಿಂತ.

“ಯೇ ಕ್ಯಾ ಹೈ, ಬಹೆನ್‌ಜೀ? ಚೂನಾ?” ಸುಣ್ಣವೇ ಎಂದು ಕೇಳುತ್ತಿದ್ದಾನೆ ಪುಣ್ಯಾತ್ಮ.

“ಶಾದಿ ಕಾ ಖಾನಾ ಹೈ, ಭಯ್ಯಾ” ಎಂದೆ. ಮದುವೆಯ ಊಟವಪ್ಪಾ ಇದು.

ಉಬ್ಬಿದ ಹಿಟ್ಟಿನಲ್ಲಿ ಒಂದು ಪಾಲು, ಮಲಗಿದ ಹಿಟ್ಟಿನಲ್ಲಿ ಒಂದು ಪಾಲು ಪಾತ್ರೆಗೆ ಸುರಿದು ಕೈಯಲ್ಲಿ ಮೆಲ್ಲಗೆ ಬೆರೆಸಿದೆ. ಎದ್ದ ಹಿಟ್ಟು ಏಳದ್ದನ್ನು ಎಬ್ಬಿಸುತ್ತದೆ, ಇದು ಇಡ್ಲಿ ಮಾಡುವವರ ಮನೆಯ ಮಕ್ಕಳಿಗೂ ಗೊತ್ತು. ಉಳಿದದ್ದನ್ನೂ ಹಾಗೆಯೇ ಬೆರೆಸಿ ಎರಡೂ ಡಬ್ಬಗಳಿಗೆ ಸಮವಾಗಿ ಹಂಚಿದೆ. ಬಲಗಡೆಗೆ ಸೈಲೆನ್ಸರಿಗೂ ಡಬ್ಬಕ್ಕೂ ನಡುವೆ ಮಡಚಿದ ಗೋಣಿಯನ್ನು ಒದ್ದೆ ಮಾಡಿ ತುರುಕಿದೆ, ಸುಡದೆ ಬೆಚ್ಚಗಿರುವಷ್ಟು. ಇನ್ನು ಪ್ರತಿ ನಿಲುಗಡೆಯಲ್ಲೂ ಬಲದ ಡಬ್ಬ ಎಡಕ್ಕೆ, ಎಡದ್ದು ಬಲಕ್ಕೆ. ಇಬ್ಬರೂ ಸರದಿಯಲ್ಲಿ ಬಿಸಿ ಕಾಯಿಸಿಕೊಳ್ಳಲಿ.

ಆಮೇಲೆ ಕಟ್ಟಿದೆ. ಹಗ್ಗ ಸುತ್ತಿ, ಮೊಣಕಾಲು ಕೊಟ್ಟು ಎಳೆದು, ರಬ್ಬರು ಪಟ್ಟಿ ಬಿಗಿದು, ಕೊನೆಯ ಗಂಟು ಹಾಕಿ ಕೈ ಒರೆಸಿಕೊಂಡು ತಿರುಗಿದರೆ, ಕಟ್ಟಲು ಶುರುಮಾಡಿದಾಗ ಚೌಧರಿ ಇವರ ಕೈಗೆ ಕೊಟ್ಟ ಚಹಾ ಇನ್ನೂ ಹಬೆಯಾಡುತ್ತಿತ್ತು. ಚೌಧರಿ ಡಬ್ಬ ಹಿಡಿದು ಜಗ್ಗಿದ. ಗಾಡಿ ಅಲುಗಿತೇ ಹೊರತು ಡಬ್ಬ ಅಲುಗಲಿಲ್ಲ. “ವಾಹ್!” ಎಂದ. ನನಗೆ ಆವತ್ತಿಗೂ ಇವತ್ತಿಗೂ ಯಾವ ಬಿರುದೂ ಆ ಒಂದು ‘ವಾಹ್’ನಷ್ಟು ರುಚಿಸಿಲ್ಲ. ಇವರು ಸೈಲೆನ್ಸರಿನ ಮೇಲಿನ ದೋಸೆಯನ್ನು ಕಿತ್ತು, ಒಂದು ಚೂರು ಬಾಯಿಗೆ ಹಾಕಿಕೊಂಡು, “ಉಪ್ಪು ಕಮ್ಮಿ” ಎಂದರು. ಇಬ್ಬರೂ ನಕ್ಕುಬಿಟ್ಟೆವು. ನಗು ಬಂದದ್ದೇ ಭಯ ಹೋಯಿತು.

ಕೋಟ್‌ಪುತಲಿಯಲ್ಲಿ ಒಮ್ಮೆ ಬದಲಿಸಿದೆವು, ಶಾಹಪುರಾದಲ್ಲಿ ಇನ್ನೊಮ್ಮೆ. ಪ್ರತಿ ಸಲ ಬಿಚ್ಚುವಾಗ ಬಟ್ಟೆ ಸರಿಸಿ ನೋಡುತ್ತಿದ್ದೆ. ಎರಡರಲ್ಲೂ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಆಮೇರಿನ ಕೋಟೆ ಕಂಡಾಗ ಇವರು ತೋರಿಸಿದರು, ನಾನು ನೋಡಲಿಲ್ಲ. ನನ್ನ ಕಣ್ಣೆಲ್ಲ ಡಬ್ಬದ ಮೇಲಿತ್ತು.

ಪಾಟೀಲರ ಕ್ವಾರ್ಟರ್ಸಿನ ಮುಂದೆ ಬೀಗರು ಆಗಷ್ಟೇ ಟಾಂಗಾಗಳಿಂದ ಇಳಿಯುತ್ತಿದ್ದರು. ಧೂಳು ಹಿಡಿದ ಸಲ್ವಾರು, ಹಿಟ್ಟು ಮೆತ್ತಿದ ಕೈ, ಕೆದರಿದ ತಲೆಯ ನನ್ನನ್ನು ನೋಡಿ ಗಂಡಿನ ಕಡೆಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಪಾಟೀಲರು ಮಾತ್ರ ಓಡಿ ಬಂದರು. “ಏನ್ರೀ ಇದು, ಅರ್ಧಾ ಹೋಟೆಲ್ ಹೇರ್ಕೊಂಡು ಬಂದೀರಲ್ಲ!”

ಸೀರೆ ಉಟ್ಟುಕೊಳ್ಳಲೂ ನಿಲ್ಲಲಿಲ್ಲ. ಹಿತ್ತಲಲ್ಲಿ ಒಲೆ ಹೂಡಿ, ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಡಬ್ಬಗಳ ಬಟ್ಟೆ ತೆಗೆದೆ. ಎರಡೂ ಒಂದೇ ಎತ್ತರಕ್ಕೆ ಏರಿದ್ದವು. ಸೌಟು ಹಾಕಿದರೆ ಉಸ್ಸೆಂದು ಉಸಿರು ಬಿಟ್ಟಿತು. ಮೊದಲ ಹಬೆಯ ಇಡ್ಲಿ ತೆಗೆದು ಇವರು ಬೆರಳಿನಿಂದ ಒತ್ತಿದರು. ಕೆಳಗೆ ಹೋದ ಇಡ್ಲಿ ಮತ್ತೆ ಮೇಲೆ ಬಂತು. ಇವರ ಕಣ್ಣಲ್ಲಿ ನೀರು ಕಂಡಿತು, “ಹೊಗೆ” ಎಂದರು.

ಆ ಸಂಜೆ ಬೀಗರು ತಿಂದದ್ದನ್ನು ಏನು ಹೇಳಲಿ. ಮೂಗಿನ ಮೇಲೆ ಬೆರಳಿಟ್ಟಿದ್ದ ಹೆಂಗಸರೇ ಹಿತ್ತಲಿಗೆ ಬಂದು “ಇನ್ನೆರಡು ಕೊಡವ್ವಾ” ಎಂದರು. ಪಾಟೀಲರ ಸಾಹೇಬರು, ಉದ್ದ ಮೀಸೆಯ ಗಢವಾಲಿ, ಕೈ ತೊಳೆಯಲು ಹೋಗಿ ವಾಪಸ್ ಬಂದು ಕೂತು ಮತ್ತೆ ಬಡಿಸಿಕೊಂಡರು. ಇಂಥ ಇಡ್ಲಿಯನ್ನು ಜೈಪುರದಲ್ಲಿ ಎಲ್ಲಿ ರುಬ್ಬಿದಿರಿ ಎಂದು ಕೇಳಿದರಂತೆ. ದಿಲ್ಲಿಯಲ್ಲಿ ರುಬ್ಬಿ ಮೋಟಾರ್ ಸೈಕಲ್ಲಿನಲ್ಲಿ ತಂದದ್ದು ಎಂದಾಗ ಎದ್ದು ಬಂದು ನಮ್ಮ ಬುಲೆಟ್ಟನ್ನೂ ತೊಟ್ಟಿಲುಗಳನ್ನೂ ಸುತ್ತು ಹಾಕಿ ನೋಡಿದರು. ನಾನು ಒಲೆಯ ಮುಂದೆ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಹೆಮ್ಮೆ ಪಟ್ಟೆ. ಮುಚ್ಚಿಡುವುದು ಯಾಕೆ, ಎದೆ ಬಿರಿಯುವಷ್ಟು ಹೆಮ್ಮೆ ಪಟ್ಟೆ.

ದಿಲ್ಲಿಗೆ ವಾಪಸಾದ ಮೇಲಿನ ಒಂದು ಭಾನುವಾರ ಪಾಟೀಲರು ಹೋಟೆಲಿಗೆ ಬಂದರು, ಮದುವೆಯ ಬುಂದಿ ಲಾಡಿನ ಪೊಟ್ಟಣ ಹಿಡಿದುಕೊಂಡು. ಮಾವ ಗಲ್ಲಾ ಬಿಟ್ಟು ಅವರ ಮೇಜಿಗೆ ಹೋಗಿ ಕೂತರು. ಇವರು ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದು ನಿಂತರು. ನಾನು ಅಡುಗೆಮನೆಯ ಬಾಗಿಲ ಹಿಂದೆ.

“ಸಾಹೇಬರು ಹೂಂ ಅಂದ್ರು. ಕ್ಯಾಂಟೀನ್ ನಿಮ್ದ. ಯಾರ ಹೆಸರಿಗೆ ಮಾಡಸಬೇಕು ಹೇಳ್ರಿ” ಎಂದರು ಪಾಟೀಲರು.

“ನಮ್ಮ ಹೋಟೆಲಿನ ಹೆಸರಿಗೇ ಇರಲಿ ಸುಬೇದಾರ್ರೇ” ಎಂದರು ಮಾವ, ಕಣ್ಣು ಮಿಟುಕಿಸದೆ. “ನಾಲ್ಕು ಜನಕ್ಕೆ ಗೊತ್ತಿರುವ ಹೆಸರು. ವಾಸು ಬೇರೆ ಅಲ್ಲ, ನಾನು ಬೇರೆ ಅಲ್ಲ.”

ಇವರು ನೆಲ ನೋಡುತ್ತಾರೆ, ತಲೆಯಾಡಿಸುತ್ತಾರೆ, ಆದಷ್ಟು ಆಗಲಿ ಎನ್ನುತ್ತಾರೆ, ಎಲ್ಲ ಮುಗಿಯುತ್ತದೆ ಎಂದುಕೊಂಡೆ. ಇವರು ನೆಲ ನೋಡಿದರು. ಆದರೆ ಮಾತಾಡಿದರು.

“ಬೇಡ ಮಾವ. ಸುಬೇದಾರ್ರೇ, ಜಲಜಾಕ್ಷಿ ಹೆಸರಿಗೆ ಮಾಡಿಸಿ.”

ನಮ್ಮ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ ಎಂದು ಎಲ್ಲರಿಗೂ ಗೊತ್ತು. ನಮ್ಮ ಕಡೆಯ ಗಂಡಸರೂ ನಾಲ್ಕು ಜನರ ಮುಂದೆ ಹೆಂಡತಿಯ ಹೆಸರು ಎತ್ತುತ್ತಿರಲಿಲ್ಲ. ಮದುವೆಯಾದಂದಿನಿಂದ ಆ ಹೆಸರು ಇವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ. ಗಲ್ಲಿಯವರಿಗೆ ನಾನು ಭಾಭೀಜಿ, ಪಾಟೀಲರಿಗೆ ಅಕ್ಕಾರು, ಮಾವನಿಗೆ ವಾಸುವಿನ ಹೆಂಡತಿ. ಇವರ ಕಿವಿ ಕೆಂಪಗಾಗಿತ್ತು, ಸೌಟಿನಿಂದ ಸಾಂಬಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. “ಕಟ್ಟಿದ್ದು ಅವಳು, ಬಿಚ್ಚಿದ್ದು ಅವಳು, ಹಿಟ್ಟು ಉಳಿಸಿದ್ದೂ ಅವಳು. ನಾನು ಗಾಡಿ ಬಿಟ್ಟದ್ದು ಮಾತ್ರ” ಎಂದರು.

ಪಾಟೀಲರು ಪೆನ್ನು ಹಿಡಿದು ಒಬ್ಬೊಬ್ಬರ ಮುಖ ನೋಡಿದರು.

“ಜಲಜಾಕ್ಷಿ ಅಂದ್ರ ಯಾರ್ರೀ?”

ಕೈಯನ್ನು ಸೆರಗಿಗೆ ಒರೆಸಿಕೊಂಡು ನಾನು ಬಾಗಿಲಿನಿಂದ ಹೊರಗೆ ಬಂದೆ.

“ನಾನೇ” ಎಂದೆ.